ನೆರಳಿನ ಋಣ

ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಎಂದು ತೆಲುಗಿನಲ್ಲೊಂದು ಗಾದೆಯಿದೆ. ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸೀಮೆಯ ಕನ್ನಡದ ಮನೆಗಳಿಗೂ ಅದು ಗೊತ್ತಿರುವ ಮಾತು. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಗೆ ಬರುತ್ತಾನೆ. ಮಿರಗ ಹೂಡುವ ತನಕ, ಅಂದರೆ ಜೂನ್ ಮೊದಲ ವಾರ ಮುಗಿಯುವ ತನಕ, ಅಲ್ಲೇ ಇರುತ್ತಾನೆ. ಉಷ್ಣಾಂಶ 42, 43 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಹತ್ತು ಗಂಟೆಗೆಲ್ಲ ಎತ್ತುಗಳನ್ನು ಬಿಚ್ಚಿ ಬೇವಿನ ಬುಡಕ್ಕೆ ಕಟ್ಟುತ್ತಾರೆ. ಮಧ್ಯಾಹ್ನ ಊರಿನ ಓಣಿಗಳಲ್ಲಿ ನಾಯಿಯೂ ಸುಳಿಯುವುದಿಲ್ಲ. ಸಂಜೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಹಾಸಿಗೆ ಹಾಕುತ್ತಾರೆ.

ಇದನ್ನು ಬರೀ ಬಿಸಿಲಿನ ಸೀಮೆ ಎಂದುಕೊಂಡರೆ ಅರ್ಧವೇ ತಿಳಿದಂತಾಗುತ್ತದೆ. ಜಹೀರಾಬಾದಿನ ಪಕ್ಕದ ಕೊಹೀರಿನ ಹೆಸರು ಚಳಿಗಾಲದ ಪತ್ರಿಕೆಗಳಲ್ಲಿ ಮತ್ತೆಮತ್ತೆ ಬರುತ್ತದೆ. ಕೆಲವು ವರ್ಷ ಡಿಸೆಂಬರ್, ಜನವರಿಯ ಬೆಳಗಿನ ಜಾವ ಅಲ್ಲಿ ಪಾದರಸ ಐದಾರು ಡಿಗ್ರಿಗೆ ಇಳಿದು ಇಡೀ ತೆಲಂಗಾಣದಲ್ಲೇ ಅತಿ ಕಡಿಮೆ ಎನಿಸಿಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಬಯಲಿಗೆ ಸಮುದ್ರ ಬಲು ದೂರ. ಆಕಾಶ ತಿಳಿಯಾಗಿದ್ದಾಗ ಹಗಲು ನೆಲ ಪಡೆದ ಕಾವೆಲ್ಲ ರಾತ್ರಿ ಮರಳಿ ಮೇಲಕ್ಕೆ ಹೋಗಿಬಿಡುತ್ತದೆ. ಬೇಸಿಗೆಯ ಉರಿಗೂ ಮಾಗಿಯ ಕೊರೆತಕ್ಕೂ ಕಾರಣ ಒಂದೇ: ಇಲ್ಲಿನ ಒಣ ಗಾಳಿ. ಈ ಎರಡರ ನಡುವೆ ನಾಲ್ಕು ತಿಂಗಳ ಮಳೆ. ವರ್ಷಕ್ಕೆ ಸುಮಾರು 800ರಿಂದ 900 ಮಿಲಿಮೀಟರ್ ಬೀಳುವುದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿದುಹೋಗುತ್ತದೆ. ಅದೂ ಹದವಾಗಿ ಹಂಚಿಕೊಂಡು ಬೀಳುವುದಲ್ಲ. ಇಪ್ಪತ್ತು ದಿನ ಮೋಡವಷ್ಟೇ ಓಡಾಡಿ, ಒಂದು ರಾತ್ರಿ ಹೊಲದ ಬದು ಒಡೆಯುವ ಹಾಗೆ ಸುರಿಯುತ್ತದೆ.

ಧಾರೂರಿನ ಹತ್ತಿರದ ಅನಂತಗಿರಿ ಗುಡ್ಡದ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಮೂಡಣಕ್ಕೆ ಇಳಿದದ್ದು ಮೂಸಿ ನದಿಯಾಗಿ ಹೈದರಾಬಾದಿನ ನಡುವೆ ಹರಿಯುತ್ತದೆ. ಪಡುವಣಕ್ಕೆ ಇಳಿದದ್ದು ಕಾಗಿಣಾ ಸೇರಿ ತಾಂಡೂರು ದಾಟಿ ಕಲಬುರಗಿ ಜಿಲ್ಲೆಗೆ ಬರುತ್ತದೆ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ಬಳಸಿಕೊಂಡು ಹೋಗಿ ಭೀಮೆಯಲ್ಲಿ ಬೆರೆಯುತ್ತದೆ. ಕವಿರಾಜಮಾರ್ಗ ಹುಟ್ಟಿದ ಊರಿನ ಹೊಳೆಗೆ ನೀರು ಹೋಗುವುದು ಈ ಗುಡ್ಡಗಳಿಂದ. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ಬೀದರ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಹೋದವು. ಗಡಿಯ ಆಚೆಗೆ ಒಂದು ಭಾಷೆಯ ಕಚೇರಿ, ಈಚೆಗೆ ಇನ್ನೊಂದರ ಕಚೇರಿ ಆಯಿತು. ಬಿಸಿಲು ಮಾತ್ರ ಒಂದೇ. ಇವತ್ತು ಹವಾಮಾನ ಇಲಾಖೆ ಉಷ್ಣ ಅಲೆಯ ಎಚ್ಚರಿಕೆ ಕೊಡುವಾಗ ನಕ್ಷೆಯ ಬಣ್ಣ ಈ ಗಡಿಗೆರೆಯಲ್ಲಿ ಬದಲಾಗುವುದುಂಟು. ಗೆರೆಯ ಎರಡೂ ಬದಿಯ ತೊಗರಿ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರ ಬೆನ್ನಿಗೆ ಆ ಬಣ್ಣದ ಪರಿಚಯವಿಲ್ಲ.

ಇಂಥ ಕಡೆ ಸಾವಿರಾರು ವರ್ಷ ಜನ ಬದುಕಿದ್ದು ಹೇಗೆ? ಮೈ ಗಟ್ಟಿಯಿತ್ತು, ಸಹಿಸಿದರು ಎನ್ನುವುದು ಸುಲಭದ ಉತ್ತರ, ಮತ್ತು ಅನ್ಯಾಯದ ಉತ್ತರ. ಮನುಷ್ಯನ ಮೈ ಎಲ್ಲ ಕಡೆ ಒಂದೇ. ಬೆವರು ಆರಿದಾಗ ತಂಪಾಗುವುದು, ನೀರು ತೀರಿದಾಗ ಕುಸಿಯುವುದು. ಬಿಸಿಲನ್ನು ಇಲ್ಲಿ ಯಾರೂ ಒಬ್ಬೊಬ್ಬರಾಗಿ ಗೆದ್ದಿಲ್ಲ. ಒಬ್ಬರ ನೆರಳಿನಲ್ಲಿ ಇನ್ನೊಬ್ಬರು ಕೂತು, ಒಬ್ಬರ ಹರವಿಯ ನೀರನ್ನು ಇನ್ನೊಬ್ಬರು ಕುಡಿದು, ಒಬ್ಬರ ಕಣಜದ ಬೀಜವನ್ನು ಇನ್ನೊಬ್ಬರು ಬಿತ್ತಿ ದಾಟಿದ್ದಾರೆ. ಈ ಹವಾಮಾನ ಮನುಷ್ಯರನ್ನು ಪರಸ್ಪರ ಋಣದಲ್ಲಿ ಇಟ್ಟಿತ್ತು. ಬಿಸಿಲಿಗೆ ನಾವು ಈಚೆಗೆ ಕಂಡುಕೊಂಡ ಪರಿಹಾರಗಳು ಹೆಚ್ಚಾಗಿ ಈ ಋಣವನ್ನು ಹರಿದುಕೊಂಡು ಹೊರಬರುವ ದಾರಿಗಳು. ಒಂದು ಮನೆ ತಂಪಾಗುತ್ತದೆ, ಅದರ ಕಾವು ಪಕ್ಕದ ಮನೆಯ ಮೇಲೆ ಬೀಳುತ್ತದೆ. ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ಇದು.

ನೆರಳನ್ನೇ ತೆಗೆದುಕೊಳ್ಳಿ. ಹೈದರಾಬಾದಿನಿಂದ ಚೇವೆಳ್ಳ, ಮನ್ನೆಗೂಡ ಹಾದು ತಾಂಡೂರಿನ ಕಡೆಗೆ ಬರುವ ಹೆದ್ದಾರಿಯನ್ನು ಜನ ಇವತ್ತಿಗೂ ಬಿಜಾಪುರ ರಸ್ತೆ ಎನ್ನುತ್ತಾರೆ. ಅದರ ಇಕ್ಕೆಲದಲ್ಲಿ ನಿಜಾಮರ ಕಾಲದ ಆಲದ ಮರಗಳಿವೆ, ನೂರಾರು. ಕೊಂಬೆಗಳು ಮೇಲೆ ಒಂದನ್ನೊಂದು ಮುಟ್ಟಿ ರಸ್ತೆಗೆ ಚಪ್ಪರವಾಗಿವೆ. ನೆಟ್ಟವರಿಗೆ ಆಲದ ಸ್ವಭಾವ ಗೊತ್ತಿತ್ತು. ಅದು ನೆಟ್ಟವನ ಕಾಲಕ್ಕೆ ನೆರಳು ಕೊಡುವ ಮರವಲ್ಲ. ಕಾರಿನಲ್ಲಿ ಹೋಗುವವರಿಗೆ ಈ ಮರಗಳು ಬೇಕೇ ಇಲ್ಲ, ಗಾಜು ಏರಿಸಿದರೆ ಮುಗಿಯಿತು. ಬುತ್ತಿ ಕಟ್ಟಿಕೊಂಡು ನಡೆದು ಹೋಗುವವರಿಗೆ, ಕುರಿ ಹೊಡೆದುಕೊಂಡು ಹೋಗುವವರಿಗೆ, ಎತ್ತಿನ ಬಂಡಿಯವರಿಗೆ, ಬಿಸಿಲಲ್ಲಿ ನಿಂತು ಸೀಬೆಹಣ್ಣು ಮಾರುವ ಹೆಂಗಸಿಗೆ ಅವು ಬೇಕು. ರಸ್ತೆ ಅಗಲವಾಗಬೇಕೆಂದು ಲೆಕ್ಕ ಹಾಕಿದವರು ಮರಗಳನ್ನು ಅಡ್ಡಿ ಎಂದು ಎಣಿಸಿದರು. ಮರಗಳ ಪರವಾಗಿ ಕೆಲವರು ಹಸಿರು ನ್ಯಾಯಮಂಡಳಿಯ ಬಾಗಿಲಿಗೆ ಹೋದರು, ವರ್ಷಗಟ್ಟಲೆ ಬಡಿದಾಡಿದರು. ಅಗಲವಾದ ರಸ್ತೆಯೂ ಬೇಕು, ನಾನು ಅಲ್ಲಗಳೆಯುವುದಿಲ್ಲ. ಆ ದಾರಿಯಲ್ಲಿ ಅಪಘಾತಗಳಲ್ಲಿ ಸತ್ತವರಿದ್ದಾರೆ. ಆದರೆ ರಸ್ತೆಯ ಅಂದಾಜುಪಟ್ಟಿಯಲ್ಲಿ ಡಾಂಬರಿಗೆ ಕಲಮು ಇದೆ, ಜಲ್ಲಿಗೆ ಇದೆ, ಭೂಮಿಯ ಬೆಲೆಗೆ ಇದೆ, ನೂರು ವರ್ಷದ ನೆರಳಿಗೆ ಇಲ್ಲ. ಬೆಲೆ ಬರೆಯದೆ ಬಿಟ್ಟದ್ದನ್ನು ಪುಕ್ಕಟೆ ಎಂದು ತಿಳಿಯುವುದು ನಮ್ಮ ಕಾಲದ ದೊಡ್ಡ ಅವಿವೇಕ.

ನೀರಿನ ಋಣದ ಕತೆಯೂ ಇದೆ. 1908ರ ಸೆಪ್ಟೆಂಬರ್ 28ರಂದು ಅನಂತಗಿರಿ ಗುಡ್ಡಗಳ ಕಡೆಯಿಂದ ಇಳಿದ ಮೂಸಿ ಹೈದರಾಬಾದನ್ನು ಕೊಚ್ಚಿಹಾಕಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಸೆಮರ ಹತ್ತಿ ಕುಳಿತ ನೂರೈವತ್ತು ಮಂದಿ ಮಾತ್ರ ಎರಡು ದಿನ ಕೊಂಬೆಗಳನ್ನು ಹಿಡಿದು ಉಳಿದುಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿ ಇಂದಿಗೂ ಇದೆ. ಪ್ರವಾಹದ ಮರುವರ್ಷ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಪಟ್ಟಣದ ಗೋಡೆ ಎತ್ತರಿಸುವುದಷ್ಟೇ ಪರಿಹಾರವೆಂದು ಅವರು ತಿಳಿಯಲಿಲ್ಲ. ಮೇಲೆ, ಮಳೆ ಬೀಳುವ ಕಡೆಯೇ ನೀರನ್ನು ತಡೆದು ನಿಲ್ಲಿಸಬೇಕು ಎಂದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಆದವು. ನೆರೆ ತಡೆಯಲು ಕಟ್ಟಿದ ಕೆರೆಗಳೇ ಹೈದರಾಬಾದಿಗೆ ಕುಡಿಯುವ ನೀರು ಕೊಟ್ಟವು. ಪಟ್ಟಣದ ಬಾಯಾರಿಕೆಯ ಬೇರು ಹಳ್ಳಿಗಾಡಿನ ಗುಡ್ಡದಲ್ಲಿದೆ ಎಂದು ಒಬ್ಬ ಇಂಜಿನಿಯರ್ ಕಲ್ಲುಗಾರೆಯಲ್ಲಿ ಬರೆದಿಟ್ಟಂತಾಯಿತು.

ಅದನ್ನು ಓದುವವರು ಕಡಿಮೆಯಾಗಿದ್ದಾರೆ. ಈ ಎರಡು ಕೆರೆಗಳ ಸುತ್ತ ಹತ್ತು ಕಿಲೋಮೀಟರ್ ಒಳಗಿನ 84 ಹಳ್ಳಿಗಳಲ್ಲಿ ದೊಡ್ಡ ಕಟ್ಟಡ, ಕಾರ್ಖಾನೆ ಬೇಡವೆಂದು 1996ರಲ್ಲಿ ಸರ್ಕಾರಿ ಆದೇಶ 111 ಬಂದಿತ್ತು. 2022ರಲ್ಲಿ ಆ ನಿರ್ಬಂಧ ಸಡಿಲಿಸುವ ಆದೇಶವೂ ಬಂತು. ಆ ಹಳ್ಳಿಗಳ ರೈತರಿಗೂ ತಮ್ಮದೊಂದು ನೋವಿದೆ: ಪಟ್ಟಣದವರ ನೀರಿಗಾಗಿ ನಮ್ಮ ಭೂಮಿಗೆ ಯಾಕೆ ಬೆಲೆ ಬರಬಾರದು ಎಂದು ಅವರು ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಇಪ್ಪತ್ತೈದು ವರ್ಷ ಅವರು ಕಾದ ಕೆರೆಯ ನೀರು ಕುಡಿದ ಪಟ್ಟಣ ಅವರಿಗೆ ಏನನ್ನು ಕೊಟ್ಟಿತು? ಋಣ ತೀರಿಸದೆ ಇಟ್ಟುಕೊಂಡರೆ ಒಂದು ದಿನ ಕಾಯುವವನೇ ಕೈಬಿಡುತ್ತಾನೆ. ವಿಕಾರಾಬಾದಿನ ದಾಮಗುಂಡಂ ಕಾಡಿನಲ್ಲಿ ನೌಕಾಪಡೆಯ ರೇಡಿಯೊ ಕೇಂದ್ರಕ್ಕೆ ಸುಮಾರು 2,900 ಎಕರೆ ಕೊಟ್ಟು 2024ರ ಅಕ್ಟೋಬರ್‌ನಲ್ಲಿ ಶಂಕುಸ್ಥಾಪನೆಯಾಯಿತು. ದೇಶದ ರಕ್ಷಣೆ ದೊಡ್ಡದು. ಮೂಸಿ ಹುಟ್ಟುವ ಕಡೆಯ ಕಾಡೂ ಒಂದು ರಕ್ಷಣೆಯೇ ಎಂದು ಅಲ್ಲಿಯ ಜನ ಹೇಳಿದ್ದನ್ನು ಬರೀ ಅಡ್ಡಗಾಲು ಎಂದು ತಳ್ಳಿಹಾಕುವುದು ತಪ್ಪು.

ನೀರಿನ ಇನ್ನೊಂದು ಪಾಠ ಬೀದರದಲ್ಲಿದೆ, ಜಹೀರಾಬಾದಿನಿಂದ ಅದು ಹೆಚ್ಚು ದೂರವಲ್ಲ. ಎರಡೂ ಊರು ಕೂತಿರುವುದು ಒಂದೇ ಕೆಂಪು ಮುರಕಲ್ಲಿನ ಹಾಸಿನ ಮೇಲೆ. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಬೀದರಕ್ಕೆ ರಾಜಧಾನಿ ತಂದಾಗ ಎತ್ತರದ ಈ ಬಯಲಿನಲ್ಲಿ ನೀರಿಗೆ ಏನು ಮಾಡುವುದೆಂಬ ಪ್ರಶ್ನೆ ಎದ್ದಿರಬೇಕು. ಪರ್ಶಿಯಾದ ಕಡೆಯಿಂದ ಬಂದ ಒಂದು ಜಾಣ್ಮೆ ಆಗ ಕೆಲಸಕ್ಕೆ ಬಂತು. ಅದನ್ನು ಕರೇಜ್ ಎನ್ನುತ್ತಾರೆ, ಊರವರ ಬಾಯಲ್ಲಿ ಸುರಂಗ ಬಾವಿ. ಮುರಕಲ್ಲು ಸಂದುಗೊಂದುಗಳ ಕಲ್ಲು. ಮಳೆನೀರು ಅದರೊಳಗೆ ಇಳಿಯುತ್ತದೆ. ಕೆಳಗೆ ಕಪ್ಪು ಕಲ್ಲಿನ ಗಟ್ಟಿ ಹಾಸು ಸಿಕ್ಕಲ್ಲಿ ನಿಲ್ಲುತ್ತದೆ. ಆ ಸಂಧಿಯ ಉದ್ದಕ್ಕೂ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದರೆ ನೀರು ತಾನಾಗಿ ಊರಿನತ್ತ ಹರಿದುಬರುತ್ತದೆ. ಯಂತ್ರವಿಲ್ಲ, ಎತ್ತಿಲ್ಲ, ಕಪ್ಪಲಿಯಿಲ್ಲ. ನೌಬಾದಿನ ಕರೇಜ್ ಹೂಳು ತೆಗೆದ ಮೇಲೆ ಮತ್ತೆ ಬೆಳಕಿಗೆ ಬಂದಿದೆ. ಸುರಂಗಕ್ಕೆ ಗಾಳಿ ಬೆಳಕು ಬರಲಿ, ಹೂಳು ಎತ್ತಲು ಆಗಲಿ ಎಂದು ಮೇಲಿನಿಂದ ಸಾಲಾಗಿ ಬಾವಿ ತೋಡಿದ್ದಾರೆ.

ಕರೇಜಿನಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಅದರ ಒಂದು ಗುಣದ ಮೇಲೆ. ನೆಲ ಜಿನುಗಿಸಿದ್ದಕ್ಕಿಂತ ಒಂದು ಕೊಡ ಹೆಚ್ಚು ನೀರನ್ನು ಅದು ತೆಗೆಯಲಾರದು. ಮಳೆ ಕಮ್ಮಿಯಾದ ವರ್ಷ ಕರೇಜಿನ ನೀರೂ ಕಮ್ಮಿ, ಸುಲ್ತಾನನಿಗೂ ಕಮ್ಮಿ, ಅಗಸನಿಗೂ ಕಮ್ಮಿ. ಬರ ಬಂದದ್ದು ಊರಿಗೆಲ್ಲ ಒಂದೇ ದಿನ ತಿಳಿಯುತ್ತದೆ. ಕೊಳವೆಬಾವಿ ಬಂದ ಮೇಲೆ ಬರ ಎಲ್ಲರಿಗೂ ಒಟ್ಟಿಗೆ ಬರುವುದು ನಿಂತಿತು. ನೂರಾರು ಅಡಿ ಇಳಿಸಲು ದುಡ್ಡಿದ್ದವನ ಮನೆಗೆ ಬರ ಕೊನೆಗೆ ಬರುತ್ತದೆ, ಇಪ್ಪತ್ತು ಗಜದ ಸೇದುಬಾವಿಯವನ ಮನೆಗೆ ಮೊದಲು ಬರುತ್ತದೆ. ಪಕ್ಕದ ಹೊಲದ ಬೋರು ತುಂಬಿ ಚಿಮ್ಮುವ ದಿನವೇ ಈಚೆಯ ಹೊಲದ ಬಾವಿಯ ತಳ ಕಾಣುತ್ತದೆ. ಜಹೀರಾಬಾದಿನ ಸುತ್ತ ಕಬ್ಬು, ಶುಂಠಿ, ಆಲೂಗಡ್ಡೆ ಬಂದದ್ದು ಹೀಗೆ ತೆಗೆದ ನೀರಿನಿಂದ. 2018ರ ಜನವರಿ 1ರಿಂದ ತೆಲಂಗಾಣದಲ್ಲಿ ಕೃಷಿಗೆ ಇಪ್ಪತ್ನಾಲ್ಕು ಗಂಟೆಯೂ ಪುಕ್ಕಟೆ ವಿದ್ಯುತ್. ರೈತನ ಮೇಲಿನ ಕರುಣೆಯಿಂದ ಹುಟ್ಟಿದ ಯೋಜನೆ ಅದು. ಆದರೆ ಕರುಣೆಗೂ ಅಂತರ್ಜಲದ ಲೆಕ್ಕ ಗೊತ್ತಿರಬೇಕು. ಬೋರು ಕೊರೆಸಿದ ರೈತನನ್ನು ದೂರುವ ಮನಸ್ಸು ನನಗಿಲ್ಲ. ಎರಡು ಬೋರು ವಿಫಲವಾಗಿ ಮೂರನೆಯದಕ್ಕೆ ಹೆಂಡತಿಯ ಕೊರಳಿನ ಬೋರಮಾಳ ಅಡವಿಟ್ಟವನು ಲೋಭಿಯಲ್ಲ. ಅವನು ಒಂಟಿಯಾದವನು. ಒಟ್ಟಾಗಿ ದಾಟಬೇಕಾದ್ದನ್ನು ಒಬ್ಬನೇ ದಾಟು ಎಂದು ಅವನಿಗೆ ಹೇಳಿದ್ದು ನಾವೆಲ್ಲ.

2016ರ ಬೇಸಿಗೆಯಲ್ಲಿ ಮಾಂಜ್ರಾ ನದಿಯ ಸಿಂಗೂರು ಜಲಾಶಯ ಬರಿದಾಗಿ ತಳ ಬಿರುಕುಬಿಟ್ಟಿತು. ಅದೇ ನದಿಯ ಮೇಲುಭಾಗದ ಲಾತೂರಿಗೆ ಆ ಏಪ್ರಿಲ್‌ನಲ್ಲಿ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಕಬ್ಬಿನ ಸೀಮೆ ರೈಲಿನ ನೀರಿಗೆ ಕೊಡ ಹಿಡಿದು ನಿಂತದ್ದನ್ನು ನಾವು ಎಷ್ಟು ಬೇಗ ಮರೆತೆವು.

ಮರೆಯದವರೂ ಇದ್ದಾರೆ. ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. ಹಳ್ಳಿಗಳಲ್ಲಿ ಬಡ ದಲಿತ ಹೆಂಗಸರ ಸಂಘಗಳು ಹುಟ್ಟಿದವು. ಆ ಹೆಂಗಸರ ಬಳಿ ಇದ್ದದ್ದು ಒಂದೋ ಎರಡೋ ಎಕರೆ, ಅದೂ ಕಲ್ಲು ಮಡ್ಡಿಯ, ಸರ್ಕಾರ ಕೊಟ್ಟ ಬೀಳು ನೆಲ. ಅದೇ 1983ರಲ್ಲಿ ಎನ್.ಟಿ. ರಾಮರಾಯರ ಸರ್ಕಾರ ಎರಡು ರೂಪಾಯಿಗೆ ಕಿಲೋ ಅಕ್ಕಿಯ ಯೋಜನೆ ತಂದಿತು. ಬಡವರ ಒಲೆ ಹೊತ್ತಿತು. ಹಸಿದವರ ತಟ್ಟೆಗೆ ಬಿದ್ದ ಅನ್ನದ ಬಗ್ಗೆ ಹಗುರವಾಗಿ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಆ ಅಕ್ಕಿ ಬೆಳೆದದ್ದು ಕಾಲುವೆಯ ನೀರಿರುವ ದೂರದ ಸೀಮೆಯಲ್ಲಿ. ಜೋಳ, ನವಣೆ, ಸಜ್ಜೆ ಬೆಳೆಯುತ್ತಿದ್ದ ಇಲ್ಲಿನ ಹೊಲಗಳಿಗೆ ಕೇಳುವವರಿಲ್ಲದೆ ಮುಳ್ಳು ಬೆಳೆಯಿತು. ರೊಟ್ಟಿ ತಟ್ಟುತ್ತಿದ್ದ ಕೈ ಸುಮ್ಮನಾಯಿತು, ಕಣಕಿ ಇಲ್ಲದೆ ದನ ಕೊಟ್ಟಿಗೆ ಬಿಟ್ಟಿತು.

ತೊಂಬತ್ತರ ದಶಕದ ನಡುವೆ ಸಂಘದ ಹೆಂಗಸರು ಹಲವು ಊರುಗಳಲ್ಲಿ ಬೀಳು ಹೊಲ ಹಸನು ಮಾಡಿ ಜೋಳ ಬಿತ್ತಿದರು, ಬೆಳೆದದ್ದರಲ್ಲಿ ಒಂದು ಪಾಲನ್ನು ಊರಿನಲ್ಲೇ ಕೂಡಿಟ್ಟು ಬಡ ಮನೆಗಳಿಗೆ ಕಡಿಮೆ ಬೆಲೆಗೆ ಹಂಚಿದರು. ಯಾರು ಬಡವರು ಎಂದು ಕಚೇರಿ ಹೇಳಲಿಲ್ಲ, ಊರ ನಡುವೆ ಕೂತು ಊರೇ ಹೇಳಿತು. ಬೀಜ ಬೇಕಾದವರಿಗೆ ಒಂದು ಸೇರು ಕೊಟ್ಟು ಸುಗ್ಗಿಯಲ್ಲಿ ಎರಡು ಸೇರು ಮರಳಿ ಪಡೆಯುವುದು ಅವರ ಕಟ್ಟಳೆ. ಮಚನೂರಿನಲ್ಲಿ 2008ರಿಂದ ಅವರದೇ ಸಂಘಂ ರೇಡಿಯೊ ಇದೆ. ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ 2019ರಲ್ಲಿ ಬಂತು. ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ 2023ರ ಮಾರ್ಚ್‌ನಲ್ಲಿ ಸತೀಶ್ ತೀರಿಕೊಂಡರು. ಪಟ್ಟಣದ ಅಂಗಡಿಗಳಲ್ಲಿ ನವಣೆ ಅಕ್ಕಿಯನ್ನು ಚಂದದ ಪೊಟ್ಟಣದಲ್ಲಿ ದುಬಾರಿಗೆ ಮಾರುವ ಕಾಲದಲ್ಲಿ, ಬಡವರ ಧಾನ್ಯವೆಂದು ಜಗತ್ತು ಮೂಗು ಮುರಿದಾಗ ಅದನ್ನು ಸೆರಗಿನಲ್ಲಿ ಕಟ್ಟಿ ಉಳಿಸಿದವರು ಯಾರೆಂದು ನೆನೆಯಬೇಕು.

ಆ ಹೆಂಗಸರ ಬೇಸಾಯದಲ್ಲಿ ನನಗೆ ಬಹಳ ಹಿಡಿಸಿದ್ದು ಹಿಂಗಾರಿಯ ಬೆಳೆಗಳು. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಮಳೆ ಹಿಂದೆಗೆಯುವ ಹೊತ್ತಿಗೆ ಬಿತ್ತುವ ಬಿಳಿಜೋಳ, ಕಡಲೆ, ಅಗಸೆ, ಕುಸುಬೆ ಆಮೇಲೆ ಒಂದು ಹನಿ ನೀರನ್ನೂ ಕೇಳುವುದಿಲ್ಲ. ಎರೆಮಣ್ಣು ಒಳಗೆ ಹಿಡಿದಿಟ್ಟುಕೊಂಡ ತೇವ, ಚಳಿಯ ಬೆಳಗಿನ ಇಬ್ಬನಿ ಅಷ್ಟೇ ಅವುಗಳಿಗೆ ಸಾಕು. ಕೊಹೀರಿನ ಚಳಿ ನಮಗೆ ಹಲ್ಲು ಕಡಿಸುತ್ತದೆ, ಕಡಲೆಯ ಗಿಡಕ್ಕೆ ಅದು ಊಟ. ಇವನ್ನು ಆ ಹೆಂಗಸರು ಸತ್ಯದ ಬೆಳೆಗಳು ಎನ್ನುತ್ತಾರೆ. ತೊಗರಿ ಇನ್ನೊಂದು ಬಗೆ. ಬೇರನ್ನು ಆಳಕ್ಕೆ ಇಳಿಸಿ ಆರು ತಿಂಗಳು ತಾಳುತ್ತದೆ, ಉದುರಿಸಿದ ಎಲೆಯಿಂದ ಹೊಲಕ್ಕೆ ಗೊಬ್ಬರ ಕೊಡುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ, ಗಡಿಯಾಚೆಯ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಹುಟ್ಟಿದ ಕಡೆ ಏನಿದೆಯೋ ಅದರಲ್ಲೇ ರುಚಿಯಾಗುವ ವಿದ್ಯೆ ಈ ಬೆಳೆಗಳಿಗೆ ಗೊತ್ತಿದೆ. ಹೊರಗಿನ ಉಪಕಾರ ಬೇಡುವ ಬೆಳೆಯನ್ನು ಪ್ರಗತಿ ಎಂದೂ, ಬೇಡದ ಬೆಳೆಯನ್ನು ಹಿಂದುಳಿದದ್ದು ಎಂದೂ ನಮಗೆ ಹೇಳಿಕೊಟ್ಟವರಾರೋ.

ಎಳ್ಳಮಾಸಿಯ ದಿನ ಬೀದರ, ಕಲಬುರಗಿಯಲ್ಲಿ ಹೇಗೋ ಹಾಗೇ ಗಡಿಯಾಚೆಯ ಜಹೀರಾಬಾದ್, ನಾರಾಯಣಖೇಡದ ಊರುಗಳಲ್ಲೂ ಮನೆಮಂದಿ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ನಡುಮಟ್ಟ ಬೆಳೆದ ಜೋಳದ ನಡುವೆ ಪೂಜೆ ಮಾಡಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಹತ್ತು ಬಗೆಯ ಕಾಳು, ಸೊಪ್ಪು ಹಾಕಿದ ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿ. ಆ ದಿನ ಹೊಲದ ದಾರಿಯಲ್ಲಿ ಹೋಗುವವರನ್ನು ಉಣಿಸದೆ ಬಿಡುವುದಿಲ್ಲ. "ಬರ್ರೀ ಯಪ್ಪಾ, ಉಂಡ ಹೋಗ್ರಿ, ಭೂಮ್ತಾಯಿ ಒಬ್ಬರಿಗೇ ಬೆಳ್ದಿಲ್ಲ" ಎಂದು ಮುದುಕಿಯರು ಕೂಗಿ ಕರೆಯುವುದನ್ನು ಕೇಳಿದ್ದೇನೆ. ನೀರಿಲ್ಲದೆ ಬೆಳೆದ ಬೆಳೆಯ ಮುಂದೆ ಕೂತು ಬಂದವರಿಗೆಲ್ಲ ಹಂಚುವ ಈ ಊಟಕ್ಕೆ ನಾನು ತಲೆಬಾಗುತ್ತೇನೆ. ಧಾರೂರಿನಲ್ಲಿ ಮೆಥಡಿಸ್ಟ್ ಕ್ರೈಸ್ತರು ನಡೆಸುವ, ಶತಮಾನ ಕಂಡ ಜಾತ್ರೆಯೂ ನವೆಂಬರಿನದು. ಮಳೆ ನಿಂತು, ಹಳ್ಳದಲ್ಲಿ ಇನ್ನೂ ನೀರಿದ್ದು, ಮರದ ಕೆಳಗೆ ಮಲಗಬಹುದಾದ ಹೊತ್ತು. ತೆಲುಗರು, ಕನ್ನಡಿಗರು, ಮರಾಠಿಗರು ಬಂಡಿ ಕಟ್ಟಿ, ಬಸ್ಸು ಹತ್ತಿ ಬಂದು ಕಾಡಿನಲ್ಲಿ ಡೇರೆ ಹೂಡುತ್ತಾರೆ. ದೇವರನ್ನು ಯಾವ ಹೆಸರಿನಲ್ಲಿ ಕರೆದರೂ ಹಬ್ಬದ ದಿನ ಗೊತ್ತು ಮಾಡುವಾಗ ಋತುವನ್ನು ಕೇಳಿದವರು ಇವರೆಲ್ಲ.

ಬಿಸಿಲು ಎಲ್ಲರ ಮೇಲೂ ಬೀಳುತ್ತದೆ ಎನ್ನುವುದು ಅರ್ಧಸತ್ಯ. ತಾಂಡೂರಿನ ಕಲ್ಲಿನ ಗಣಿಗೆ ಮೇ ತಿಂಗಳಲ್ಲಿ ಹೋದವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಶಹಾಬಾದಿನಿಂದ ಇಲ್ಲಿಯವರೆಗೆ ಹಬ್ಬಿದ ಸುಣ್ಣಕಲ್ಲಿನ ಪದರ ಅದು. ಪರಸಿ ಎಬ್ಬಿಸಿ, ಕೊರೆದು, ಪಾಲಿಶ್ ಮಾಡಿ ದೇಶಕ್ಕೆಲ್ಲ ಕಳಿಸುತ್ತಾರೆ. ಹಳೆಯ ಮನೆಗಳಲ್ಲಿ ಇದೇ ಪರಸಿಯ ನೆಲ, ಮೇಲೆ ಮಣ್ಣಿನ ಮಾಳಿಗೆ, ದಪ್ಪನೆಯ ಗೋಡೆ. ಹೊರಗೆ 43 ಇದ್ದಾಗ ಒಳಗೆ ಕಾಲಿಟ್ಟರೆ ಜೀವ ಬಂದಂತಾಗುತ್ತಿತ್ತು. ಈಗ ಆ ಸುಣ್ಣಕಲ್ಲು ಸಿಮೆಂಟಾಗುತ್ತದೆ. ಸುಣ್ಣಕಲ್ಲನ್ನು ಸುಡುವಾಗ ಕಲ್ಲಿನೊಳಗಿನ ಇಂಗಾಲವೇ ಅನಿಲವಾಗಿ ಹೊರಬರುತ್ತದೆ, ಸುಡಲು ಉರಿಸಿದ ಕಲ್ಲಿದ್ದಲಿನದು ಬೇರೆ. ಸಿಮೆಂಟು ಪಟ್ಟಣಕ್ಕೆ ಹೋಗಿ ಗಾಜಿನ ಕಟ್ಟಡವಾಗುತ್ತದೆ. ಗಾಜಿನ ಕಟ್ಟಡಕ್ಕೆ ಎಸಿ ಬೇಕು. ಎಸಿ ಒಳಗಿನ ಕಾವನ್ನು ಹೊರಗಿನ ಬೀದಿಗೆ ತಂದು ಹಾಕುತ್ತದೆ. ಆ ಬೀದಿಯಲ್ಲಿ ನಿಂತಿರುವವನು ನಾರಾಯಣಖೇಡದಿಂದ ದುಡಿಯಲು ಹೋದ ಹುಡುಗ. ಅವನ ಅಪ್ಪ ಅಮ್ಮ ಊರಿನಲ್ಲಿ ಸೋರುವ ಮಾಳಿಗೆ ಕಿತ್ತು ತಗಡು ಹಾಕಿಸಿದ್ದಾರೆ. ಮಧ್ಯಾಹ್ನ ಆ ತಗಡಿನ ಕೆಳಗೆ ಹಂಚಿನ ಮೇಲೆ ಕೂತಂತಿರುತ್ತದೆ. ಕಲ್ಲು ಅವರ ನೆಲದ್ದು, ತಂಪು ಇನ್ನೊಬ್ಬರದಾಯಿತು, ಕಾವು ಮರಳಿ ಅವರಿಗೇ ಬಂತು.

2015ರ ಮೇ ತಿಂಗಳ ಉಷ್ಣ ಅಲೆಯಲ್ಲಿ ಆಂಧ್ರಪ್ರದೇಶ, ತೆಲಂಗಾಣ ಎರಡರಲ್ಲೂ ಸೇರಿ ಸತ್ತವರ ಸಂಖ್ಯೆ ಎರಡು ಸಾವಿರ ದಾಟಿತ್ತು. ಕೂಲಿಯವರು, ಮುದುಕರು, ಬೀದಿಯಲ್ಲಿ ಇರುವವರೇ ಹೆಚ್ಚು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ತೆಲಂಗಾಣದಲ್ಲಿ ಮಾರ್ಚ್ ನಡುವಿನಿಂದ ಶಾಲೆಗಳು ಒಂದೇ ಹೊತ್ತು. ಇವೆರಡೂ ಸರಿಯಾದ ಕ್ರಮ, ಸರ್ಕಾರ ಬಿಸಿಲನ್ನು ಒಪ್ಪಿಕೊಂಡು ಗಡಿಯಾರ ಬದಲಿಸಬಲ್ಲದು ಎಂಬುದಕ್ಕೆ ಸಾಕ್ಷಿ. ಹಾಗಾದರೆ ಕಲ್ಲಿನ ಗಣಿಯ ಗಡಿಯಾರ ಯಾಕೆ ಬದಲಾಗುವುದಿಲ್ಲ? ಇಟ್ಟಿಗೆ ಭಟ್ಟಿಯದು? 2005ರ ಉದ್ಯೋಗ ಖಾತರಿ ಕಾಯ್ದೆ ಕೆಲಸದ ಕಡೆ ಕುಡಿಯುವ ನೀರು, ಮಕ್ಕಳಿಗೆ ನೆರಳು, ದಣಿವಾರಿಸಿಕೊಳ್ಳಲು ಹೊತ್ತು, ಪ್ರಥಮ ಚಿಕಿತ್ಸೆ ಇರಬೇಕೆಂದು ಬರೆದಿತ್ತು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವ ಹೆಂಗಸರು ಸೀರೆಯ ಜೋಲಿಯನ್ನು ಜಾಲಿಮರಕ್ಕೆ ಕಟ್ಟಿ ಕೂಸನ್ನು ಮಲಗಿಸಿದ್ದನ್ನು ಎಷ್ಟೋ ಕಡೆ ಕಂಡಿದ್ದೇನೆ. ಕಾಯ್ದೆಯ ನೆರಳಿಗಿಂತ ಜಾಲಿಯ ನೆರಳು ಬೇಗ ಸಿಗುತ್ತಿತ್ತು.

2025ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಬಿಸಿಲ ಹೊಡೆತವನ್ನು ರಾಜ್ಯದ ವಿಪತ್ತು ಎಂದು ಘೋಷಿಸಿ, ಸತ್ತವರ ಕುಟುಂಬಕ್ಕೆ ನಾಲ್ಕು ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಮೊದಲಿದ್ದದ್ದು ಐವತ್ತು ಸಾವಿರ. ಇದು ದೊಡ್ಡ ಹೆಜ್ಜೆ, ಮನಸಾರೆ ಒಪ್ಪುತ್ತೇನೆ. ಬಿಸಿಲಿನಿಂದ ಸತ್ತವನ ಸಾವಿಗೆ ಹಣೆಬರಹವೊಂದೇ ಕಾರಣವಲ್ಲ ಎಂದು ಅದು ಒಪ್ಪಿಕೊಂಡಿದೆ. ಆದರೆ ಹೊಲದಲ್ಲಿ ಬಿದ್ದು ಸತ್ತ ಕೂಲಿಯ ಹೆಂಡತಿ, ಅವನನ್ನು ಕೊಂದದ್ದು ಬಿಸಿಲೇ ಎಂದು ಯಾರ ಮುಂದೆ, ಯಾವ ಕಾಗದ ಹಿಡಿದು ತೋರಿಸಬೇಕು? ಹಳ್ಳಿಯಲ್ಲಿ ಸಂಜೆಯೊಳಗೆ ಮಣ್ಣು ಮಾಡಿಬಿಡುತ್ತಾರೆ. ಬದುಕಿದ್ದಾಗ ಅವನ ಹೆಸರಿನಲ್ಲಿ ಒಂದು ನೆರಳಿಲ್ಲ, ಸತ್ತ ಮೇಲೆ ಅವನ ಸಾವಿಗೆ ಒಂದು ಕಾರಣ ಸಿಗಬೇಕು.

ಬೇಸಿಗೆ ಹಗಲುಗಳು ಇನ್ನಷ್ಟು ಕಾಯುತ್ತವೆ, ಮಳೆ ಇನ್ನಷ್ಟು ಎಡಬಿಡದೆ ಸುರಿದು ಇನ್ನಷ್ಟು ದಿನ ಕೈಕೊಡುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಈ ಸೀಮೆಯ ಬಾಗಿಲಲ್ಲೇ, ಪಟಾಂಚೆರುವಿನಲ್ಲಿ, 1972ರಿಂದ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಇದೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅದರ ಬೆಳೆಗಳು, ಆಫ್ರಿಕಾದ ಒಣ ಸೀಮೆಗಳಿಗೂ ಅದರ ಬೀಜ ಹೋಗುತ್ತದೆ. ಭೂಮಿ ಬಿಸಿಯೇರಲು ಆಫ್ರಿಕಾದ ರೈತನಾಗಲಿ ಕೊಹೀರಿನ ಹೆಂಗಸಾಗಲಿ ಮಾಡಿದ್ದು ಎಷ್ಟು? ಕೂಳೆ ಒಟ್ಟಿ ಒಲೆ ಹಚ್ಚಿದ್ದಷ್ಟೇ. ಆದರೂ ಮೊದಲು ಬೇಯುವವರು ಅವರು. ಪಕ್ಕದ ಹೊಲದ ಬೋರು ನನ್ನ ಬಾವಿಯನ್ನು ಬತ್ತಿಸಿದ ಕತೆಯೇ ಇಲ್ಲಿ ಖಂಡಗಳ ನಡುವೆ ನಡೆದಿದೆ. ತನ್ನ ಮನೆಯ ತಂಪಿಗೆ ಇನ್ನೊಬ್ಬರ ಮಾಡು ಕಾಯಿಸುವ ಹಕ್ಕು ಯಾರಿಗೂ ಇಲ್ಲ ಎಂದು ದೊಡ್ಡ ದೇಶಗಳಿಗೆ ಹೇಳುವ ನಾವು, ಅದೇ ಮಾತನ್ನು ನಮ್ಮ ಓಣಿಯಲ್ಲಿ ಹೇಳಿಕೊಳ್ಳಲು ಸಿದ್ಧರಿರಬೇಕು.

ಮಾಡಬೇಕಾದ್ದು ಏನೆಂದು ಈ ಊರುಗಳಿಗೆ ಗೊತ್ತಿಲ್ಲದ್ದೇನಲ್ಲ. ಕಲ್ಲಿನ ಗಣಿಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಕೆಲಸ ನಿಲ್ಲಬೇಕು, ಆ ಹೊತ್ತಿನ ಕೂಲಿ ನಿಲ್ಲಬಾರದು. ಒಂದು ಬೋರಿನ ನೀರನ್ನು ನಾಲ್ಕು ಹೊಲಗಳು ಹಂಚಿಕೊಳ್ಳುವ ಒಪ್ಪಂದಕ್ಕೆ ಸರ್ಕಾರದ ನೆರವು ಹೊಸ ಬೋರಿಗಿಂತ ಮೊದಲು ಸಿಗಬೇಕು. ಪಡಿತರದ ಅಂಗಡಿಯಲ್ಲಿ ಅಕ್ಕಿಯ ಜೊತೆಗೆ ಇಲ್ಲೇ ಬೆಳೆದ ಜೋಳವೂ ಇರಬೇಕು, ಅದನ್ನು ಬೆಳೆದವಳಿಗೆ ಮರ್ಯಾದೆಯ ಬೆಲೆ ಸಿಗಬೇಕು. ತಗಡಿನ ಮಾಡಿಗೆ ಸುಣ್ಣ ಬಳಿದರೆ ಒಳಗಿನ ಕಾವು ಕೆಲವು ಡಿಗ್ರಿ ಇಳಿಯುತ್ತದೆ, ಒಂದು ಊರಿಗೆ ಬೇಕಾದ ಸುಣ್ಣಕ್ಕೆ ಆಗುವ ಖರ್ಚು ಒಂದು ಸಮಾರಂಭದ ಶಾಮಿಯಾನದಷ್ಟೂ ಇಲ್ಲ. ರಸ್ತೆಗೆಂದು ಆಲದ ಮರ ಕಡಿಯಲೇಬೇಕಾದರೆ, ಅಂದಾಜುಪಟ್ಟಿಯಲ್ಲಿ ಅದರ ನೆರಳಿಗೂ ಒಂದು ಸಾಲು ಬರೆಯಲಿ: ಎಷ್ಟು ವರ್ಷದ್ದು, ದಿನಕ್ಕೆ ಎಷ್ಟು ಜನ ಅದರ ಕೆಳಗೆ ಕೂರುತ್ತಾರೆ, ಹೊಸ ಸಸಿ ಅಷ್ಟು ದೊಡ್ಡದಾಗುವ ತನಕ ಅವರು ಎಲ್ಲಿ ಕೂರಬೇಕು. ಆ ಕೊನೆಯ ಪ್ರಶ್ನೆಗೆ ಉತ್ತರ ಬರೆಯುವ ಜಾಗ ಖಾಲಿ ಇರುವ ತನಕ ಇಂಜಿನಿಯರ್ ಸಹಿ ಹಾಕಬಾರದು.